ಉಸಿರು ಹಿಡಿಯಿರಿ ಎನ್ನಲು ಕಲಿಸದ ಪಾಠ

ಪಿಯುಸಿ ಸೈನ್ಸ್ ಮುಗಿಸಿ ನಾನು ಎಕ್ಸ್‌ರೇ ಡಿಪ್ಲೊಮಾಕ್ಕೆ ಸೇರುತ್ತೇನೆಂದು ಗೊತ್ತಾದ ದಿನ, ನಮ್ಮ ಹಿರೇಬೆಂಡಿಗೇರಿಯ ಕಟ್ಟೆಯ ಮೇಲೆ ಕೂತಿದ್ದ ಕಾಕಾ ಒಬ್ಬರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು: “ಬಟನ್ ಒತ್ತೂದು ಕಲ್ಯಾಕ ಎರಡು ವರ್ಷ ಸಾಲಿಗೆ ಹೋಗಬೇಕೇನಲೇ ತಮ್ಮಾ?” ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಇದೆ. ಆದರೆ ನನ್ನ ಜಗಳ ಆ ಕಾಕಾನ ಜೊತೆಗಲ್ಲ. ಗೋವಿನಜೋಳ, ಹತ್ತಿ, ಶೇಂಗಾ ಬೆಳೆದು, ಕಾಲು ಮುರಿದಾಗ ಮಾತ್ರ ಆಸ್ಪತ್ರೆ ನೋಡಿದ ಮನುಷ್ಯನಿಗೆ ಆ ಕೋಣೆಯಲ್ಲಿ ಕಾಣುವುದು ಬಟನ್ ಒಂದೇ. ನನ್ನ ಜಗಳ ಇರುವುದು, ಅದೇ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮಗೆ ಪಾಠ ಮಾಡಿದವರ ಜೊತೆ. ಇದು ಬಟನ್ ಒತ್ತುವ ಕೆಲಸ, ಇವರು ಬಟನ್ ಒತ್ತುವ ಹುಡುಗರು, ಇವರಿಗೆ ಇಷ್ಟು ಸಾಕು ಎಂಬ ತೀರ್ಮಾನ ಮೊದಲೇ ಆಗಿಬಿಟ್ಟಿದೆ. ಕ್ಲಾಸ್‌ರೂಮು, ನೋಟ್ಸು, ಪರೀಕ್ಷೆ, ರಾತ್ರಿ ಡ್ಯೂಟಿ ಎಲ್ಲವೂ ಆ ತೀರ್ಮಾನದ ಮೇಲೆ ನಿಂತಿವೆ. ಅದರ ಬೆಲೆ ಕೊಡುವವರು ಟೇಬಲ್ ಮೇಲೆ ಮಲಗಿದ ರೋಗಿ ಮತ್ತು ಗೋಡೆಯ ಆಚೆ ನಿಂತ ವಿದ್ಯಾರ್ಥಿ.

ನಾನು ಕಲಿತ ಕಾಲೇಜಿನ ಹೆಸರಾಗಲೀ, ತರಬೇತಿಗೆ ಹೋದ ಆಸ್ಪತ್ರೆಯ ಹೆಸರಾಗಲೀ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಇದು ಒಂದು ಸಂಸ್ಥೆಯ ಮೇಲಿನ ದೂರಾಗಿ ಮುಗಿದುಹೋಗುತ್ತದೆ. ನನ್ನ ಜೊತೆ ಬೇರೆ ಬೇರೆ ಕಡೆ ಕಲಿತ ಗೆಳೆಯರ ಜೊತೆ ಮಾತಾಡಿದಾಗೆಲ್ಲ ಕತೆ ಹೆಚ್ಚುಕಡಿಮೆ ಒಂದೇ ಇತ್ತು.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಎಲ್ಲಕ್ಕಿಂತ ಸರಳವೆನ್ನುವ ಎದೆಯ ಎಕ್ಸ್‌ರೇಯನ್ನೇ ತೆಗೆದುಕೊಳ್ಳಿ. ರೋಗಿ ಯಂತ್ರಕ್ಕೆ ಬೆನ್ನು ಕೊಟ್ಟು, ಎದೆಯನ್ನು ಪ್ಲೇಟಿಗೆ ಒತ್ತಿ ನಿಲ್ಲಬೇಕು. ಹೃದಯ ಎದೆಯ ಮುಂಭಾಗಕ್ಕೆ ಹತ್ತಿರ ಇರುವುದರಿಂದ ಹೀಗೆ ನಿಂತರೆ ಅದರ ನೆರಳು ಇದ್ದಷ್ಟೇ ದೊಡ್ಡದಾಗಿ ಬೀಳುತ್ತದೆ. ತಿರುವಿ ನಿಲ್ಲಿಸಿದರೆ ಚೆನ್ನಾಗಿರುವ ಹೃದಯವೂ ಊದಿದಂತೆ ಕಾಣುತ್ತದೆ. ಯಂತ್ರದಿಂದ ಪ್ಲೇಟಿಗೆ ಸುಮಾರು 180 ಸೆಂಟಿಮೀಟರ್ ದೂರ ಇರಬೇಕು. ಗದ್ದ ಮೇಲೆ, ಕೈ ಸೊಂಟದ ಮೇಲೆ, ಭುಜ ಮುಂದಕ್ಕೆ. ಭುಜ ಮುಂದೆ ತಳ್ಳದಿದ್ದರೆ ಬೆನ್ನಿನ ರೆಕ್ಕೆ ಎಲುಬು ಶ್ವಾಸಕೋಶದ ಮೇಲೆ ಬಂದು ಕೂರುತ್ತದೆ. ಕೊನೆಗೆ ಎಲ್ಲಕ್ಕಿಂತ ಮುಖ್ಯವಾದದ್ದು: ರೋಗಿ ಪೂರ್ತಿ ಉಸಿರು ಎಳೆದುಕೊಂಡು, ಹಾಗೇ ಹಿಡಿದು, ಅಲುಗದೆ ನಿಲ್ಲಬೇಕು. ಉಸಿರು ಪೂರ್ತಿ ಒಳಗೆ ಹೋದರೆ ವಪೆ ಕೆಳಗಿಳಿಯುತ್ತದೆ, ಶ್ವಾಸಕೋಶ ಹರಡುತ್ತದೆ, ಹಿಂದಿನ ಪಕ್ಕೆಲುಬುಗಳನ್ನು ಹತ್ತರವರೆಗೂ ಎಣಿಸಬಹುದು. ಅರ್ಧ ಉಸಿರಿನಲ್ಲಿ ತೆಗೆದ ಚಿತ್ರದಲ್ಲಿ ಶ್ವಾಸಕೋಶದ ಬುಡ ಬೆಳ್ಳಗೆ ಮಂಜಾಗುತ್ತದೆ. ಅದನ್ನು ನೋಡಿದ ಡಾಕ್ಟರಿಗೆ ನ್ಯುಮೋನಿಯಾದ ಅನುಮಾನ ಬರಬಹುದು. ಇಲ್ಲದ ರೋಗಕ್ಕೆ ಔಷಧಿ, ಇರುವ ರೋಗ ಮಂಜಿನ ಹಿಂದೆ.

ಈ ಪಟ್ಟಿಯಲ್ಲಿ ಯಂತ್ರ ಮಾಡುವುದೆಷ್ಟು, ಮಾತು ಮಾಡುವುದೆಷ್ಟು ಎಂದು ನೀವೇ ಲೆಕ್ಕ ಹಾಕಿ. ನಿಲ್ಲಿಸುವುದು, ತಿರುಗಿಸುವುದು, ಹೆದರಿಕೆ ಬಿಡಿಸುವುದು, ಉಸಿರು ಎಳೆಸುವುದು, ಹಿಡಿಸುವುದು, ಬಿಡಿಸುವುದು ಎಲ್ಲವೂ ಮಾತಿನಿಂದ ಆಗಬೇಕಾದ ಕೆಲಸ. ಬಟನ್ ಕೊನೆಯದು. ಆದರೂ ನನ್ನ ಇಡೀ ಕೋರ್ಸಿನಲ್ಲಿ ರೋಗಿಯ ಜೊತೆ ಯಾವ ಭಾಷೆಯಲ್ಲಿ, ಯಾವ ಪದದಲ್ಲಿ, ಯಾವ ಕ್ರಮದಲ್ಲಿ ಮಾತಾಡಬೇಕೆಂದು ಯಾರೂ ಒಂದು ಗಂಟೆಯೂ ಪಾಠ ಮಾಡಲಿಲ್ಲ. ನಮ್ಮ ನೋಟ್ಸಿನಲ್ಲಿ ಇದ್ದದ್ದು ಇಂಗ್ಲಿಷಿನ ಒಂದು ಸಾಲು: ರೋಗಿಗೆ ಸೂಚನೆ ನೀಡಿ. ಯಾವ ಸೂಚನೆ, ಯಾವ ಮಾತಿನಲ್ಲಿ ಎಂದು ಕೇಳುವ ಧೈರ್ಯ ನಮಗಿರಲಿಲ್ಲ, ಹೇಳುವ ಪುರುಸೊತ್ತು ಅವರಿಗಿರಲಿಲ್ಲ.

ಮೊದಲ ತಿಂಗಳು ನಾನು ಮುದುಕರಿಗೆ “ಡೀಪ್ ಬ್ರೆತ್ ತಗೊಳ್ರಿ, ಹೋಲ್ಡ್ ಮಾಡ್ರಿ” ಎನ್ನುತ್ತಿದ್ದೆ. ಬಿಳಿ ಕೋಟು ಹಾಕಿದ ಮೇಲೆ ಹಾಗೆಯೇ ಮಾತಾಡಬೇಕೆಂದು ತಿಳಿದಿದ್ದೆ. ಒಬ್ಬ ಅಜ್ಜ ಬಾಯಿ ಬಿಗಿಯಾಗಿ ಮುಚ್ಚಿ ನಿಂತರು, ಉಸಿರು ಎಳೆದುಕೊಳ್ಳಲೇ ಇಲ್ಲ. ಇನ್ನೊಬ್ಬರು ಉಫ್ ಎಂದು ಎಲ್ಲ ಉಸಿರು ಹೊರಗೆ ಬಿಟ್ಟು ಹಿಡಿದರು. ಮೂರು ಸಲ ತೆಗೆದೆವು. ಕೊನೆಗೆ ವಾರ್ಡಿನ ಆಯಾ ಒಬ್ಬಾಕೆ ಬಾಗಿಲಲ್ಲಿ ನಿಂತು, “ಯಜ್ಜಾ, ಬಾವ್ಯಾಗ ಮುಳುಗೋ ಮುಂಚೆ ಉಸರ ಎಳಕೋತೀಯಲ್ಲ, ಹಂಗ ಎಳಕೋ, ಹಂಗ ಹಿಡಿ” ಎಂದಳು. ಅಜ್ಜ ಎಳೆದುಕೊಂಡ, ಹಿಡಿದ. ಚಿತ್ರ ಸರಿಯಾಗಿ ಬಂತು. ಆ ಆಯಾಗೆ ತಿಂಗಳಿಗೆ ಬರುತ್ತಿದ್ದ ಸಂಬಳ ಎಷ್ಟೋ ಗೊತ್ತಿಲ್ಲ. ನನ್ನ ಎರಡು ವರ್ಷದ ಫೀಸಿನಲ್ಲಿ ಸಿಗದ ಪಾಠ ಅಲ್ಲಿ ಪುಕ್ಕಟೆ ಸಿಕ್ಕಿತು.

ಪಾಠದ ಭಾಷೆಗೂ ಇದೇ ಗತಿ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಕೋರ್ಸಿನಲ್ಲಿ ಕಿಲೋವೋಲ್ಟ್ ಎಂದರೇನು, ಮಿಲಿಆಂಪಿಯರ್ ಸೆಕೆಂಡ್ ಎಂದರೇನು ಎಂದು ಇಂಗ್ಲಿಷಿನಲ್ಲಿ ಬರೆಸಿದರು, ನಾವು ಬಾಯಿಪಾಠ ಮಾಡಿದೆವು, ಪಾಸಾದೆವು. ಎರಡರ ವ್ಯತ್ಯಾಸ ನನಗೆ ತಿಳಿದದ್ದು ಒಂದು ರಾತ್ರಿ ಡ್ಯೂಟಿಯಲ್ಲಿ, ಹಿರಿಯ ಟೆಕ್ನೀಷಿಯನ್ ಒಬ್ಬರು ಚಹಾ ಕುಡಿಯುತ್ತಾ ಹೇಳಿದಾಗ: “ನಿಮ್ಮ ಹೊಲದಾಗ ಪಂಪ್‌ಸೆಟ್ ಐತಿಲ್ಲ? ನೀರು ಎಷ್ಟ ಜೋರ್ ಬರತೈತಿ ಅನ್ನೋದು ಕೆವಿ. ಒಟ್ಟು ಎಷ್ಟ ನೀರು ಬಂತು ಅನ್ನೋದು ಎಂಎಎಸ್. ದಪ್ಪ ಮನಷ್ಯಾನ ದಾಟಿ ಹೋಗಬೇಕಂದ್ರ ಜೋರ್ ಬೇಕು. ಚಿತ್ರ ಕಾಳುಕಾಳಾಗಿ ಬರಬಾರದಂದ್ರ ನೀರು ಸಾಕಷ್ಟು ಬೇಕು.” ಹತ್ತು ನಿಮಿಷ ಸಾಕಾಯಿತು. ಯಾವ ಪದವನ್ನೂ ಅವರು ಅನುವಾದ ಮಾಡಲಿಲ್ಲ. ಕೆವಿ ಕೆವಿಯಾಗಿಯೇ ಉಳಿಯಿತು. ಅದರ ಸುತ್ತಲಿನ ಮಾತು ಮಾತ್ರ ನನ್ನ ಮನೆಯದಾಗಿತ್ತು.

ವಿಚಿತ್ರ ನೋಡಿ. ನಮ್ಮ ಸರ್ಕಾರಿ ಆಸ್ಪತ್ರೆಗಳ ಬಾಗಿಲ ಮೇಲೆ ‘ಕ್ಷ-ಕಿರಣ ವಿಭಾಗ’ ಎಂಬ ಬೋರ್ಡು ಇರುತ್ತದೆ. 1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ರಾಂಟ್‌ಜೆನ್ ಈ ಕಿರಣವನ್ನು ಕಂಡಾಗ ಅದು ಏನೆಂದು ಗೊತ್ತಿಲ್ಲದ್ದರಿಂದ ಗಣಿತದವರು ಗೊತ್ತಿಲ್ಲದ್ದಕ್ಕೆ ಇಡುವ ಎಕ್ಸ್ ಎಂಬ ಅಕ್ಷರವನ್ನೇ ಇಟ್ಟ. ನಮ್ಮವರು ಎಕ್ಸಿನ ಜಾಗಕ್ಕೆ ‘ಕ್ಷ’ ತಂದರು. ಎಷ್ಟು ಜಾಣ ಪದ! ಆದರೆ ಆ ಜಾಣತನ ಬೋರ್ಡಿನ ಮೇಲೆಯೇ ನಿಂತುಬಿಟ್ಟಿತು. ಬಾಗಿಲು ದಾಟಿ ಒಳಗೆ ಬಂದರೆ ಪಾಠ, ಪುಸ್ತಕ, ರಿಜಿಸ್ಟರು, ರಿಪೋರ್ಟು ಯಾವುದರಲ್ಲೂ ಕನ್ನಡ ಇಲ್ಲ. ರೋಗಿ ಮಾತ್ರ ಕನ್ನಡದವಳು.

ಈಗ ಹೇಳಲೇಬೇಕಾದ ಸಂಗತಿಗೆ ಬರುತ್ತೇನೆ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದ್ದೇನೆ.

ನಾನು ಎರಡನೆಯ ವರ್ಷದಲ್ಲಿದ್ದೆ. ಸುಗ್ಗಿಯ ದಿನಗಳು. ಟ್ರ್ಯಾಕ್ಟರ್ ಟ್ರೇಲರಿನಿಂದ ಬಿದ್ದ ಕೂಲಿ ಹೆಣ್ಣುಮಗಳೊಬ್ಬಳನ್ನು ರಾತ್ರಿ ಕರೆತಂದರು. ಸೊಂಟದ ಎಲುಬಿನ ಎಕ್ಸ್‌ರೇ ಬರೆದಿದ್ದರು. ಡ್ಯೂಟಿಯ ಟೆಕ್ನೀಷಿಯನ್ ಊಟಕ್ಕೆ ಹೋಗಿದ್ದರು. ಕೋಣೆಯಲ್ಲಿ ನಾನೊಬ್ಬನೇ. ಕಲಿಯುವವನನ್ನು ಹಾಗೆ ಒಬ್ಬನೇ ಬಿಡಬಾರದು, ಆದರೆ ಅಲ್ಲಿ ಬಿಡುವುದೇ ರೂಢಿಯಾಗಿತ್ತು. ರಿಜಿಸ್ಟರಿನಲ್ಲಿ ‘ಎಲ್‌ಎಂಪಿ’ ಎಂಬ ಕಾಲಂ ಇತ್ತು, ಕೊನೆಯ ಮುಟ್ಟಿನ ದಿನಾಂಕ ಎಂದು ಅರ್ಥ. ನಾನು ಪುಸ್ತಕದ ಕಡೆಗೆ ನೋಡುತ್ತಲೇ “ಎಲ್‌ಎಂಪಿ ಯಾವಾಗ?” ಎಂದು ಕೇಳಿದೆ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ, “ಅಂಥಾದ್ದೇನಿಲ್ಲ, ಬರಕೋ” ಎಂದರು. ನಾನು ಗೆರೆ ಎಳೆದೆ. ಹತ್ತೊಂಬತ್ತು ವರ್ಷದ ಹುಡುಗ, ಅಕ್ಕನ ವಯಸ್ಸಿನ ಹೆಂಗಸಿಗೆ ಮುಟ್ಟಿನ ವಿಚಾರ ಕನ್ನಡದಲ್ಲಿ ಕೇಳಲು ನಾಚಿಕೆ. ಇಂಗ್ಲಿಷ್ ಅಕ್ಷರ ಮೂರು ಸಿಕ್ಕಿದ್ದರಿಂದ ನನ್ನ ನಾಚಿಕೆ ಉಳಿಯಿತು. ಗೋಡೆಯ ಮೇಲೆ ‘ಗರ್ಭಿಣಿಯರು ಮುಂಚಿತವಾಗಿ ತಿಳಿಸಿ’ ಎಂಬ ಫಲಕ ಇತ್ತು. ಅವಳಿಗೆ ಓದು ಬರುತ್ತಿರಲಿಲ್ಲ.

ಎಲುಬು ಮುರಿದಿರಲಿಲ್ಲ. ಕೆಲವು ವಾರ ಕಳೆದ ಮೇಲೆ ಅವಳು ಗಂಡನ ಜೊತೆ ಬಂದಳು. ಬಿದ್ದ ದಿನವೇ ಅವಳಿಗೆ ಎರಡು ತಿಂಗಳಾಗಿತ್ತಂತೆ. “ಫೋಟೋ ತಗದ್ರಲ್ಲ, ಕೂಸಿಗೆ ಏನರ ಆಕ್ಕೈತೇನ್ರಿ?” ಎಂದು ಗಂಡ ಕೇಳಿದ. ನಮ್ಮಲ್ಲಿ ಒಬ್ಬರು, “ರೇಡಿಯೇಷನ್ ಅಂದ್ಮೇಲೆ ರಿಸ್ಕ್ ಇದ್ದೇ ಇರತೈತಿ, ನೀವು ನೋಡ್ಕೊಳ್ರಿ” ಎಂದರು. ಅಷ್ಟೇ. ಅವರು ಸುಮ್ಮನೆ ಹೋದರು. ಮುಂದೆ ಒಂದು ದಿನ ಅವರ ಊರಿನವರಿಂದ ತಿಳಿಯಿತು, ಕೂಸನ್ನು ತೆಗೆಸಿದರಂತೆ.

ಲೆಕ್ಕವನ್ನು ನಾನು ಕಲಿತದ್ದು ಆಮೇಲೆ. ಸೊಂಟದ ಒಂದು ಎಕ್ಸ್‌ರೇಯಲ್ಲಿ ಹೊಟ್ಟೆಯೊಳಗಿನ ಕೂಸಿಗೆ ತಗಲುವುದು ಸಾಮಾನ್ಯವಾಗಿ ಒಂದು ಮಿಲಿಗ್ರೇ ಆಸುಪಾಸು. ವಿಕಿರಣ ರಕ್ಷಣೆಯ ಅಂತಾರಾಷ್ಟ್ರೀಯ ಆಯೋಗ 2000ನೇ ಇಸವಿಯಲ್ಲಿ ಸ್ಪಷ್ಟವಾಗಿ ಹೇಳಿದೆ: 100 ಮಿಲಿಗ್ರೇಗಿಂತ ಕಡಿಮೆ ತಗಲಿದ್ದರೆ ವಿಕಿರಣದ ಕಾರಣಕ್ಕೆ ಗರ್ಭ ತೆಗೆಸುವುದು ಸಮರ್ಥನೀಯವಲ್ಲ. ಒಂದೆಲ್ಲಿ, ನೂರೆಲ್ಲಿ? ಈ ಎರಡು ಸಂಖ್ಯೆಯನ್ನು ನಮ್ಮ ಮಾತಿನಲ್ಲಿ ಹೇಳಬಲ್ಲವರು ಒಬ್ಬರು ಆ ದಿನ ಆ ಕೋಣೆಯಲ್ಲಿ ಇದ್ದಿದ್ದರೆ ಸಾಕಿತ್ತು. ಮೊದಲ ರಾತ್ರಿ ನಾನು ಸರಿಯಾಗಿ ಕೇಳಿದ್ದರೂ ಡಾಕ್ಟರು ಎಕ್ಸ್‌ರೇ ಬೇಕೆಂದೇ ಹೇಳುತ್ತಿದ್ದರೇನೋ. ಆದರೆ ಆಗ ಅವಳಿಗೆ ಕಾರಣ ಹೇಳಿ, ಧೈರ್ಯ ಹೇಳಿ ತೆಗೆಯುತ್ತಿದ್ದೆವು. ಕೇಳಲೂ ನಮಗೆ ಮಾತು ಬರಲಿಲ್ಲ, ಹೇಳಲೂ ಬರಲಿಲ್ಲ.

ಇದರಲ್ಲಿ ನನ್ನ ಪಾಲು ಎಷ್ಟಿದೆಯೋ ಅಷ್ಟನ್ನು ನಾನು ಹೊತ್ತುಕೊಂಡಿದ್ದೇನೆ. ಆದರೆ “ಯಕ್ಕಾ, ಮುಟ್ಟಾಗಿ ಎಷ್ಟು ದಿನ ಆತ್ರಿ? ದಿನ ಏನರ ಮುಂದ ಹೋಗ್ಯಾವೇನ್ರಿ?” ಎಂಬ ಎರಡು ವಾಕ್ಯವನ್ನು ಒಬ್ಬ ಹುಡುಗನ ಬಾಯಲ್ಲಿ ನಾಚಿಕೆಯಿಲ್ಲದೆ ಬರುವಂತೆ ತಯಾರು ಮಾಡುವುದು ತರಬೇತಿಯ ಕೆಲಸ. ಅತ್ತೆಯನ್ನು ಒಂದು ಕ್ಷಣ ಹೊರಗೆ ಕಳಿಸಿ ಕೇಳಬೇಕೆಂದು ಹೇಳಿಕೊಡುವುದು ತರಬೇತಿಯ ಕೆಲಸ. ಅದನ್ನು ಬಿಟ್ಟು ಟ್ಯೂಬಿನ ಚಿತ್ರ ಬರೆಸಿ ಭಾಗ ಗುರುತಿಸಿ ಎಂದರೆ, ನಮ್ಮನ್ನು ಯಂತ್ರದ ಇನ್ನೊಂದು ಬಿಡಿಭಾಗ ಎಂದು ತಿಳಿದಿದ್ದಾರೆ ಎಂದೇ ಅರ್ಥ.

ಬಿಡಿಭಾಗ ಎಂದು ತಿಳಿದಿದ್ದಾರೆ ಎನ್ನುವುದಕ್ಕೆ ಇನ್ನೊಂದು ಸಾಕ್ಷಿ ಬ್ಯಾಡ್ಜು. ವಿಕಿರಣದ ನಡುವೆ ಕೆಲಸ ಮಾಡುವವರು ಎದೆಯ ಮೇಲೆ ಧರಿಸುವ ಟಿಎಲ್‌ಡಿ ಬ್ಯಾಡ್ಜಿನೊಳಗೆ ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನ ಪುಟ್ಟ ಬಿಲ್ಲೆಗಳಿರುತ್ತವೆ. ತಗಲಿದ ವಿಕಿರಣವನ್ನು ಅವು ನೆನಪಿಟ್ಟುಕೊಳ್ಳುತ್ತವೆ. ಮೂರು ತಿಂಗಳಿಗೊಮ್ಮೆ ಲ್ಯಾಬಿನಲ್ಲಿ ಕಾಯಿಸಿದಾಗ ಅವು ಬೆಳಕು ಬಿಡುತ್ತವೆ, ಆ ಬೆಳಕಿನಿಂದ ಡೋಸ್ ಲೆಕ್ಕ ಸಿಗುತ್ತದೆ. ನಮ್ಮ ದೇಶದಲ್ಲಿ ಇಂಥ ಕೆಲಸಗಾರರಿಗೆ ಮಿತಿ ಇದೆ: ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು. 16ರಿಂದ 18 ವರ್ಷದ ತರಬೇತಿಯವರಿಗೆ ಮಿತಿ ವರ್ಷಕ್ಕೆ 6. ಎಸ್ಸೆಸ್ಸೆಲ್ಸಿ ಮುಗಿಸಿ ನೇರವಾಗಿ ಈ ಕೋರ್ಸಿಗೆ ಬರುವ ಮಕ್ಕಳಿಗೆ ಈ ಕೊನೆಯ ಸಾಲು ಬಹಳ ಮುಖ್ಯ. ಆದರೆ ಬ್ಯಾಡ್ಜೇ ಇಲ್ಲದಿದ್ದರೆ 6 ಆಯಿತೋ 16 ಆಯಿತೋ ಯಾರಿಗೆ ಗೊತ್ತು? ನಾವು ಎಂಟು ಜನ ವಿದ್ಯಾರ್ಥಿಗಳು. ನಮ್ಮ ಯಾರ ಹೆಸರಿನಲ್ಲೂ ಬ್ಯಾಡ್ಜ್ ಇರಲಿಲ್ಲ. ಕೇಳಿದರೆ, “ನೀವು ಸ್ಟಾಫ್ ಅಲ್ಲ” ಎಂದರು. ರಾತ್ರಿ ಡ್ಯೂಟಿಗೆ ಹಾಕುವಾಗ ಮಾತ್ರ ನಾವು ಸ್ಟಾಫ್.

ನಾನು ಭಯ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ಎದೆಯ ಒಂದು ಎಕ್ಸ್‌ರೇಯಲ್ಲಿ ರೋಗಿಗೆ ತಗಲುವುದು ಸುಮಾರು 0.02 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾನಾಗಿಯೇ ತಗಲುತ್ತದೆ. ಅಂದರೆ ಒಂದು ಎದೆ ಎಕ್ಸ್‌ರೇ ಮೂರು ದಿನದ ಬದುಕಿಗೆ ಸಮ. ಗೋಡೆಯ ಹಿಂದೆ ನಿಂತರೆ, ದೂರ ಕಾಯ್ದುಕೊಂಡರೆ ಇದು ಸುರಕ್ಷಿತ ಕೆಲಸ. ಒಲೆಯಿಂದ ದೂರ ಸರಿದಂತೆ ಕಾವು ಕಡಿಮೆಯಾಗುವ ಹಾಗೆ, ದೂರ ಎರಡು ಪಟ್ಟಾದರೆ ಕಿರಣ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಆದರೆ ಅಳುವ ಮಗುವನ್ನು ಹಿಡಿದು ನಿಲ್ಲಲು, ಎಚ್ಚರ ತಪ್ಪಿದವನ ಕೈ ಎಳೆದು ಹಿಡಿಯಲು ಪ್ರತಿಸಲವೂ ಕರೆಯುವುದು ಯಾರನ್ನು? ವಿದ್ಯಾರ್ಥಿಯನ್ನು. ಲೆಕ್ಕ ಇಡದ ಮೈ ಅದೊಂದೇ ಆಗಿರುವುದರಿಂದ.

ಲೆಕ್ಕ ಇಡದಿದ್ದರೆ ಏನಾಗುತ್ತದೆಂದು ಈ ವೃತ್ತಿಗೆ ಮೊದಲೇ ಗೊತ್ತು. ಎಡಿಸನ್ನನ ಕೆಲಸಗಾರ ಕ್ಲಾರೆನ್ಸ್ ಡ್ಯಾಲಿ ಈ ಕಿರಣಗಳ ಮುಂದೆ ತನ್ನ ಕೈಯನ್ನೇ ಇಟ್ಟು ಪ್ರಯೋಗ ಮಾಡಿ, ಕೈಗಳನ್ನು ಕಳೆದುಕೊಂಡು, 1904ರಲ್ಲಿ ತೀರಿಕೊಂಡ. 1936ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹೀಗೆ ಸತ್ತವರಿಗೆ ಒಂದು ಸ್ಮಾರಕ ನಿಲ್ಲಿಸಿದಾಗ ಅದರ ಮೇಲೆ 169 ಹೆಸರುಗಳಿದ್ದವು. ಡಾಕ್ಟರು, ವಿಜ್ಞಾನಿಗಳ ಜೊತೆಗೆ ತಂತ್ರಜ್ಞರನ್ನೂ ದಾದಿಯರನ್ನೂ ಆ ಕಲ್ಲು ನೆನೆಯುತ್ತದೆ. ನಮ್ಮ ತರಗತಿಯಲ್ಲಿ ರಾಂಟ್‌ಜೆನ್ನನಿಗೆ 1901ರಲ್ಲಿ ನೊಬೆಲ್ ಬಂತೆಂದು ಬರೆಸಿದರು. ಆ ಕಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ.

ಇಷ್ಟು ಹೇಳಿದರೆ ಬರುವ ಆಕ್ಷೇಪಗಳು ನನಗೆ ಗೊತ್ತು, ಒಂದೊಂದಾಗಿ ಕೇಳಿದ್ದೇನೆ.

ಮೊದಲನೆಯದು: ಇಂಗ್ಲಿಷ್ ಇದ್ದರೆ ಬೆಂಗಳೂರಿನಲ್ಲಿ, ದುಬೈಯಲ್ಲಿ ಕೆಲಸ ಸಿಗುತ್ತದೆ, ಕನ್ನಡದಲ್ಲಿ ಕಲಿಸಿ ಹಳ್ಳಿ ಹುಡುಗರ ಕಾಲಿಗೆ ಕಲ್ಲು ಕಟ್ಟುತ್ತೀರಾ? ನಾನು ಇಂಗ್ಲಿಷ್ ಬೇಡ ಎನ್ನುತ್ತಿಲ್ಲ. ಯಂತ್ರದ ಪರದೆ ಇಂಗ್ಲಿಷಿನಲ್ಲಿದೆ, ಡಾಕ್ಟರು ಬರೆಯುವುದು ಇಂಗ್ಲಿಷಿನಲ್ಲಿ, ಅದು ಬರಲೇಬೇಕು. ಆದರೆ ಅರ್ಥವಾಗದೆ ಬಾಯಿಪಾಠ ಮಾಡಿದ್ದನ್ನು ಇಂಗ್ಲಿಷ್ ಕಲಿಕೆ ಎನ್ನಬೇಡಿ. ನನ್ನ ಜೊತೆ ಪಾಸಾದವರಲ್ಲಿ ಇಂಗ್ಲಿಷಿನಲ್ಲಿ ಒಂದು ಸಂದರ್ಶನ ಎದುರಿಸಬಲ್ಲವರು ಇಬ್ಬರು. ನಮಗೆ ಇಂಗ್ಲಿಷೂ ಬರಲಿಲ್ಲ, ವಿಷಯವೂ ಬರಲಿಲ್ಲ. ವಿಷಯ ತಿಳಿದವನು ಇಂಗ್ಲಿಷನ್ನು ಆಮೇಲೆ ಕಲಿಯುತ್ತಾನೆ. ನಾನು ಹಾಗೇ ಕಲಿತೆ.

ಎರಡನೆಯದು: ಕನ್ನಡದಲ್ಲಿ ಎಂಜಿನಿಯರಿಂಗ್ ಮಾಡಲು 2021ರಲ್ಲಿ ಅವಕಾಶ ಕೊಟ್ಟರು, ಸೀಟು ತುಂಬಲಿಲ್ಲ, ನೋಡಲಿಲ್ಲವೇ? ನೋಡಿದೆ. ಸೇರದ ಹುಡುಗರದು ತಪ್ಪಲ್ಲ. ಡಿಗ್ರಿಯ ಮೇಲೆ ‘ಕನ್ನಡ ಮಾಧ್ಯಮ’ ಎಂದು ಬರೆಸಿಕೊಂಡು ಕೆಲಸದ ಬಾಗಿಲಲ್ಲಿ ನಿಲ್ಲುವ ಧೈರ್ಯ ಯಾರಿಗಿದೆ? ನಾನು ಕೇಳುತ್ತಿರುವುದು ಬೇರೆ ಮಾಧ್ಯಮವಲ್ಲ. ಅದೇ ಕೋರ್ಸು, ಅದೇ ಪರೀಕ್ಷೆ, ಪಕ್ಕದಲ್ಲಿ ಇಟ್ಟುಕೊಂಡು ಓದಲು ಇನ್ನೂರು ಪುಟದ ಒಂದು ಕನ್ನಡ ಕೈಪಿಡಿ. ಕೆವಿಯನ್ನು ಕೆವಿ ಎಂದೇ ಕರೆಯುವ, ಪಂಪ್‌ಸೆಟ್ಟಿನ ಲೆಕ್ಕದಲ್ಲಿ ವಿವರಿಸುವ ಪುಸ್ತಕ. ನಾನು ಕಲಿತ ಅಷ್ಟೂ ದಿನ ಅಂಥ ಒಂದು ಪುಸ್ತಕ ನನ್ನ ಕೈಗೆ ಬರಲಿಲ್ಲ.

ಮೂರನೆಯದು: ರೋಗಿಯ ಜೊತೆ ಮಾತು ಅನುಭವದಿಂದ ತಾನಾಗಿ ಬರುತ್ತದೆ, ಅದಕ್ಕೆ ಪಾಠ ಯಾಕೆ? ಬರುತ್ತದೆ, ನಿಜ. ನನಗೂ ಬಂತು. ಎಷ್ಟು ಅಜ್ಜಂದಿರಿಗೆ ಮೂರು ಮೂರು ಸಲ ಕಿರಣ ಬಿಟ್ಟ ಮೇಲೆ ಬಂತು? ಆ ಹೆಣ್ಣುಮಗಳ ನಂತರ ಬಂತು. ಅನುಭವ ಎಂದರೆ ಯಾರದೋ ಮೈಮೇಲೆ ಮಾಡಿದ ತಪ್ಪು. ಅದನ್ನು ಕಡಿಮೆ ಮಾಡುವುದಕ್ಕೇ ಅಲ್ಲವೇ ಕಾಲೇಜು ಇರುವುದು?

ನಾಲ್ಕನೆಯದು ಈಚಿನದು: ಇನ್ನು ಎಲ್ಲವನ್ನೂ ಎಐ ಮಾಡುತ್ತದೆ. ಚಿತ್ರ ಓದುವುದನ್ನು ಮಾಡಲಿ. ಮುರಿದ ಕಾಲನ್ನು ಬದಿಗೆ ತಿರುಗಿಸಲು ಹೆದರಿ ಅಳುತ್ತಿರುವ ಅವ್ವನಿಗೆ, “ಒಂದ ದಿಕ್ಕಿನಾಗ ನೋಡಿದ್ರ ಬಿರುಕು ಕಾಣೂದಿಲ್ಲವ್ವಾ, ಇನ್ನೊಂದು ದಿಕ್ಕಿನಾಗೂ ನೋಡಬೇಕು, ಸ್ವಲ್ಪ ತಡಕೋ” ಎಂದು ಹೇಳಿ ತಿರುಗಿಸುವುದು ಮನುಷ್ಯನೇ ಮಾಡಬೇಕು. ಬಟನ್ ಒತ್ತುವುದಷ್ಟೇ ಕಲಿತವನ ಕೆಲಸವನ್ನು ಯಂತ್ರ ಕಸಿದುಕೊಳ್ಳುತ್ತದೆ. ಅದಕ್ಕಾಗಿಯಾದರೂ ಬಟನ್ನಿನ ಆಚೆಯದನ್ನು ಕಲಿಸಿ.

ಕನ್ನಡವೊಂದೇ ಉತ್ತರ ಎಂಬ ಭ್ರಮೆಯೂ ನನಗಿಲ್ಲ. ಶಿಗ್ಗಾವಿ, ಸವಣೂರು, ಹಾನಗಲ್ ಸೀಮೆಯಿಂದ ಆಸ್ಪತ್ರೆಗೆ ಬರುವವರಲ್ಲಿ ಮನೆಯಲ್ಲಿ ಉರ್ದು ಮಾತಾಡುವವರಿದ್ದಾರೆ, ತಾಂಡಾಗಳಿಂದ ಬರುವ ಲಂಬಾಣಿ ಮಾತಿನವರಿದ್ದಾರೆ. ಶಿಶುನಾಳ ಶರೀಫರು ಹುಟ್ಟಿದ ತಾಲೂಕು ನಮ್ಮದು, ಕನಕದಾಸರ ಬಾಡವೂ ಇಲ್ಲೇ. ಒಂದಕ್ಕಿಂತ ಹೆಚ್ಚು ಮಾತು ಕೇಳಿಸಿಕೊಂಡು ಬೆಳೆದ ನೆಲ. ಉಸಿರು ಎಳೆದುಕೊಳ್ಳಿ, ಹಿಡಿಯಿರಿ, ಬಿಡಿ ಎಂಬ ಮೂರು ಮಾತನ್ನು ಮೂರು ಭಾಷೆಯಲ್ಲಿ ಕಲಿಯಲು ಒಂದು ಮಧ್ಯಾಹ್ನ ಸಾಕು.

ಸಾಹಿತ್ಯದವರಿಗೂ ನನ್ನದೊಂದು ತಕರಾರಿದೆ. ನೀವು ಕಾದಂಬರಿಯೊಂದನ್ನು ‘ಸಮಾಜದ ಎಕ್ಸ್‌ರೇ’ ಎಂದು ಹೊಗಳುತ್ತೀರಿ. ಆ ಎಕ್ಸ್‌ರೇ ತೆಗೆದವನು ಯಾರು, ಅವನಿಗೆ ಯಾರು ಕಲಿಸಿದರು ಎಂದು ಕೇಳುವುದಿಲ್ಲ. ಅಂಗಡಿಯ ಬೋರ್ಡು ಕನ್ನಡದಲ್ಲಿರಬೇಕೆಂಬ ಹೋರಾಟಕ್ಕೆ ಬೆಂಬಲ ಕೊಡುತ್ತೀರಿ, ಕೊಡಲೇಬೇಕು. ಆದರೆ ಬೋರ್ಡು ದಾಟಿ ಒಳಗೆ ಬಂದವರ ಮಾತೇನಾಯಿತು? ಶಿವರಾಮ ಕಾರಂತರು ಮಕ್ಕಳಿಗೆ ‘ಬಾಲಪ್ರಪಂಚ’ ಬರೆದರು, ದೊಡ್ಡವರಿಗೆ ವಿಜ್ಞಾನ ಬರೆದರು. ಅನುಪಮಾ ನಿರಂಜನ ಡಾಕ್ಟರಾಗಿದ್ದು ‘ತಾಯಿ-ಮಗು’ ಬರೆದು, ಹೆಂಗಸರು ನಾಚಿಕೆಯಿಂದ ಕೇಳದಿದ್ದ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಕೊಟ್ಟರು. ಮುಟ್ಟು, ಬಸಿರು, ಹೆರಿಗೆಯನ್ನು ಮರ್ಯಾದೆಯಿಂದ ಹೇಳುವ ಭಾಷೆ ನಮ್ಮಲ್ಲಿ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಭಾಷೆ ಇದೆ, ಆ ಭಾಷೆ ಆಸ್ಪತ್ರೆಯ ಕೋಣೆಗೆ ಬರಲಿಲ್ಲ, ಅಷ್ಟೇ. ತರುವವರಿಗೆ ಪ್ರಶಸ್ತಿ ಸಿಗುವುದಿಲ್ಲ, ಗೋಷ್ಠಿಗೆ ಕರೆ ಬರುವುದಿಲ್ಲ. ಆದರೂ ಯಾರಾದರೂ ಮುಂದೆ ಬನ್ನಿ. ಬರೆಯುವವರು ನೀವು, ಕೆಲಸ ತಿಳಿದವರು ನಾವು. ಜೊತೆಗೆ ಕೂತರೆ ಒಂದು ವರ್ಷದಲ್ಲಿ ಆ ಇನ್ನೂರು ಪುಟ ತಯಾರಾಗುತ್ತದೆ.

ಕಾನೂನು ನಮ್ಮ ಕಡೆಗಿದೆ. ಆರೋಗ್ಯ ಕ್ಷೇತ್ರದ ಇಂಥ ವೃತ್ತಿಗಳಿಗೆಂದೇ 2021ರಲ್ಲಿ ಸಂಸತ್ತು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ರೇಡಿಯಾಲಜಿ ಮತ್ತು ಇಮೇಜಿಂಗ್ ಅದರ ಪಟ್ಟಿಯಲ್ಲಿದೆ. ಇಂಥ ಡಿಪ್ಲೊಮಾ, ಪದವಿಗಳ ಅವಧಿ ಎರಡರಿಂದ ನಾಲ್ಕು ವರ್ಷದಲ್ಲಿ 2000 ಗಂಟೆಗೆ ಕಡಿಮೆ ಇರಬಾರದೆಂದು ಅದು ಹೇಳುತ್ತದೆ. ಎರಡು ಸಾವಿರ ಗಂಟೆಯಲ್ಲಿ ರೋಗಿಯ ಜೊತೆ ಮಾತಾಡುವುದಕ್ಕೆ ನಲವತ್ತು ಗಂಟೆ ಕೊಡಲು ಆಗುವುದಿಲ್ಲವೇ? ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನೂರಕ್ಕೆ ಇಪ್ಪತ್ತು ಅಂಕ, ರೋಗಿಗೆ ಅರ್ಥವಾಗುವಂತೆ ಹೇಳಿದ್ದಕ್ಕೆ ಎಂದು ಇಡಲು ಆಗುವುದಿಲ್ಲವೇ? ಪರೀಕ್ಷೆಯಲ್ಲಿ ಅಂಕ ಇಟ್ಟರೆ ಕಾಲೇಜುಗಳು ತಾವಾಗಿ ಕಲಿಸುತ್ತವೆ. ಅದು ನಮ್ಮ ದೇಶದ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತಿರುವ ಸತ್ಯ.

ಈ ಕೋರ್ಸಿಗೆ ಸೇರಬೇಕೆಂದಿರುವ ತಮ್ಮ ತಂಗಿಯರಿಗೆ ಒಂದು ಮಾತು. ಸೇರಿ. ಒಳ್ಳೆಯ ಕೆಲಸ, ಮರ್ಯಾದೆಯ ಕೆಲಸ. ಆದರೆ ಫೀಸು ಕಟ್ಟುವ ಮುಂಚೆ ಅಪ್ಪನನ್ನೋ ಅಣ್ಣನನ್ನೋ ಜೊತೆಗೆ ಕರೆದುಕೊಂಡು ಹೋಗಿ ನಾಲ್ಕು ಪ್ರಶ್ನೆ ಕೇಳಿ. ಯಂತ್ರ ಎಲ್ಲಿದೆ, ತೋರಿಸಿ. ತರಬೇತಿಯ ಆಸ್ಪತ್ರೆ ಯಾವುದು, ದಿನಕ್ಕೆ ಎಷ್ಟು ರೋಗಿಗಳು ಬರುತ್ತಾರೆ? ನನ್ನ ಹೆಸರಿನಲ್ಲಿ ಬ್ಯಾಡ್ಜ್ ಯಾವ ದಿನ ಬರುತ್ತದೆ? ರಾತ್ರಿ ನನ್ನ ಜೊತೆ ಯಾರಿರುತ್ತಾರೆ? ಉತ್ತರ ಕೊಡಲು ಅವರು ಸಿಟ್ಟಾದರೆ ಎದ್ದು ಬನ್ನಿ.

ಹೋದ ವರ್ಷ ಕಟ್ಟೆಯ ಕಾಕಾನಿಗೆ ಕೆಮ್ಮು ಹಿಡಿದು, ನಾನು ಈಗ ಕೆಲಸ ಮಾಡುವಲ್ಲಿಗೇ ಬಂದರು. ಅಂಗಿ ಬಿಚ್ಚಿಸಿ, ಕೊರಳಿನ ತಾಯಿತ ತೆಗೆಸಿ, ಪ್ಲೇಟಿಗೆ ಎದೆ ಒತ್ತಿ ನಿಲ್ಲಿಸಿದೆ. ಭುಜ ಮುಂದೆ ತಳ್ಳಿದೆ. “ಕಾಕಾ, ಬಾವ್ಯಾಗ ಜಿಗ್ಯೋ ಮುಂಚೆ ಎಳಕೋತಿದ್ದೆಲ್ಲ, ಹಂಗ ಉಸರ ಎಳಕೋರಿ. ಇನ್ನೂ. ಹಾಂ, ಹಿಡೀರಿ... ಬಿಡ್ರಿ.” ಒಂದೇ ಸಲಕ್ಕೆ ಬಂತು. ಪಕ್ಕೆಲುಬು ಹತ್ತೂ ಎಣಿಸಿದೆ. ಕಾಕಾ ಅಂಗಿ ಹಾಕಿಕೊಳ್ಳುತ್ತಾ ಕೇಳಿದರು: “ಆತೇನು? ಬಟನ್ ಯಾವಾಗ ಒತ್ತಿದ್ಯೋ?”

ಅವರಿಗೆ ಗೊತ್ತೇ ಆಗಿರಲಿಲ್ಲ. ಅಲ್ಲಿಯವರೆಗಿನದ್ದೇ ಕೆಲಸ ಎಂದು ನಾನು ಹೇಳಿದೆ. ಕಾಲೇಜಿನವರಿಗೂ ಅದನ್ನೇ ಹೇಳಬೇಕಾಗಿದೆ.